ಎಣ್ಣೆ ಕೂಡಿಡುವ ಸೂಕ್ಷ್ಮಜೀವಿಗಳು ಮತ್ತು ಡೀಸೆಲ್ಲಿನ ಲೆಕ್ಕ

ಸೂಕ್ಷ್ಮಜೀವಿಗಳಿಂದ ಬಯೋಡೀಸೆಲ್ ತಯಾರಿಸುವ ಸಂಶೋಧನೆಯ ಬಗ್ಗೆ ಬರುವ ಬರಹಗಳಲ್ಲಿ ಒಂದು ಅಂಕಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಈ ಯೀಸ್ಟಿನ ಒಣತೂಕದಲ್ಲಿ ಶೇ 60ರಷ್ಟು ಎಣ್ಣೆಯೇ ಇದೆ, ಆ ಪಾಚಿಯಲ್ಲಿ ಶೇ 70ರಷ್ಟಿದೆ ಎಂಬ ಧಾಟಿಯಲ್ಲಿ ಸುದ್ದಿ ಆರಂಭವಾಗುತ್ತದೆ. ಎಣ್ಣೆಬೀಜವನ್ನು ಗಾಣಕ್ಕೆ ಹಾಕಿದಷ್ಟೇ ಸಲೀಸಾಗಿ ಈ ಜೀವಿಗಳನ್ನು ಹಿಂಡಿದರೆ ಇಂಧನ ಕೈಗೆ ಬರುತ್ತದೆ ಎಂಬ ಭಾವನೆ ಓದುಗರಲ್ಲಿ ಮೂಡಿದರೆ ಅದು ಅವರ ತಪ್ಪಲ್ಲ. ಈ ವಿಷಯದ ಪ್ರಬಂಧಗಳನ್ನು ಓದುತ್ತಾ ಬಂದ ಹಾಗೆಲ್ಲ ನನಗೆ ಗಟ್ಟಿಯಾಗುತ್ತಾ ಬಂದ ಅಭಿಪ್ರಾಯವೆಂದರೆ, ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖವಾಗುವ ಆ ಶೇಕಡಾವಾರು ಅಂಕಿಯೇ ಅತಿ ಕಡಿಮೆ ವಿಷಯವನ್ನು ತಿಳಿಸುವ ಅಂಕಿ. ಜೀವಕೋಶವನ್ನು ಕೊಬ್ಬಿಸುವ ವಿದ್ಯೆ ಬಹುಮಟ್ಟಿಗೆ ಕರಗತವಾಗಿದೆ. ಕೊಬ್ಬಿದ ಕೋಶಕ್ಕೆ ಉಣಿಸಿದ್ದೆಷ್ಟು, ಅದನ್ನು ನೀರಿನಿಂದ ಬೇರ್ಪಡಿಸಲು ತಗಲಿದ್ದೆಷ್ಟು ಎಂಬ ಲೆಕ್ಕದಲ್ಲಿಯೇ ಇಡೀ ಯೋಜನೆ ನಿಲ್ಲುತ್ತದೆ ಅಥವಾ ಬೀಳುತ್ತದೆ.

ಒಣತೂಕದಲ್ಲಿ ಶೇ 20ಕ್ಕಿಂತ ಹೆಚ್ಚು ಕೊಬ್ಬನ್ನು ಕೂಡಿಡಬಲ್ಲ ಸೂಕ್ಷ್ಮಜೀವಿಯನ್ನು ಎಣ್ಣೆಯುಕ್ತ ಜೀವಿ ಎಂದು ಕರೆಯುವುದು ವಾಡಿಕೆ. ಬ್ರೆಡ್ಡಿಗೆ ಹಾಕುವ ಸಾಮಾನ್ಯ ಯೀಸ್ಟ್ ಈ ಗುಂಪಿಗೆ ಸೇರುವುದಿಲ್ಲ. ಯಾರೋವಿಯಾ ಲಿಪೊಲಿಟಿಕಾ, ರೋಡೊಟೊರುಲಾ ಟೊರುಲಾಯ್ಡಿಸ್, ಲಿಪೊಮೈಸಿಸ್ ಸ್ಟಾರ್ಕಿಯಿ ಮೊದಲಾದ ಯೀಸ್ಟುಗಳು, ಮ್ಯೂಕರ್ ಮತ್ತು ಮಾರ್ಟಿಯೆರೆಲ್ಲಾ ಕುಲದ ಕೆಲವು ಶಿಲೀಂಧ್ರಗಳು, ಕ್ಲೋರೆಲ್ಲಾ, ನ್ಯಾನೊಕ್ಲೋರಾಪ್ಸಿಸ್‌ನಂತಹ ಸೂಕ್ಷ್ಮಪಾಚಿಗಳು ಇಲ್ಲಿಯ ಪರಿಚಿತ ಮುಖಗಳು. ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಟ್ರೈಗ್ಲಿಸರೈಡ್ (ಒಂದು ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡ ಸಾಮಾನ್ಯ ಎಣ್ಣೆಯ ಅಣು) ರೂಪದಲ್ಲಿ ಕೊಬ್ಬನ್ನು ಕೂಡಿಡುವುದಿಲ್ಲ. ಆದರೆ ರೋಡೊಕಾಕಸ್ ಓಪೇಕಸ್ ಎಂಬ ಬ್ಯಾಕ್ಟೀರಿಯಾದ ಪಿಡಿ630 ತಳಿ ಇದಕ್ಕೆ ಹೆಸರಾಂತ ಅಪವಾದ, ಅದರ ಒಣತೂಕದ ಮುಕ್ಕಾಲು ಭಾಗದಷ್ಟು ಕೊಬ್ಬಿನಾಮ್ಲಗಳೇ ಇರುವಂತೆ ಅದನ್ನು ಬೆಳೆಸಲು ಸಾಧ್ಯವಾಗಿದೆ. ಈ ಗುಂಪಿನೊಳಗೇ ಒಂದು ದೊಡ್ಡ ಸೀಳಿದೆ. ಪಾಚಿ ಬೆಳಕನ್ನೂ ಇಂಗಾಲದ ಡೈಆಕ್ಸೈಡನ್ನೂ ಉಂಡು ಎಣ್ಣೆ ಮಾಡುತ್ತದೆ, ಯೀಸ್ಟು ಮತ್ತು ಶಿಲೀಂಧ್ರಗಳಿಗೆ ಸಕ್ಕರೆಯನ್ನೋ ಬೇರೆ ಇಂಗಾಲದ ಮೂಲವನ್ನೋ ನಾವೇ ತಂದು ಉಣಿಸಬೇಕು. ಇವೆರಡರ ಕಷ್ಟಗಳು ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ, ಆದರೂ ಸುದ್ದಿಬರಹಗಳು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತವೆ.

ಕೋಶವೊಂದು ಕೊಬ್ಬುವುದೇಕೆ ಎಂಬ ಪ್ರಶ್ನೆಗೆ ಯೀಸ್ಟುಗಳಲ್ಲಿ ದೊರೆತ ಉತ್ತರ ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಕಾಲಿನ್ ರ‍್ಯಾಟ್ಲೆಜ್ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಬಿಡಿಸಿದ ಕಥೆಯಿದು. ಬೆಳೆಯುವ ದ್ರವದಲ್ಲಿ ಸಕ್ಕರೆ ಧಾರಾಳವಾಗಿದ್ದು ಸಾರಜನಕ ಮುಗಿದುಹೋದಾಗ, ಕೋಶಕ್ಕೆ ಹೊಸ ಪ್ರೋಟೀನನ್ನಾಗಲಿ ಡಿಎನ್‌ಎಯನ್ನಾಗಲಿ ಕಟ್ಟಲು ಆಗುವುದಿಲ್ಲ, ಅಂದರೆ ವಿಭಜನೆ ನಿಲ್ಲುತ್ತದೆ. ಸಾರಜನಕಕ್ಕಾಗಿ ಹಪಹಪಿಸುವ ಕೋಶ ತನ್ನೊಳಗಿನ ಎಎಂಪಿ ಎಂಬ ಅಣುವನ್ನೇ ಒಡೆದು ಅದರಿಂದ ಅಮೋನಿಯಾ ಬಿಡಿಸಿಕೊಳ್ಳುತ್ತದೆ. ಎಎಂಪಿ ಕುಸಿದ ಕೂಡಲೇ, ಅದನ್ನು ಅವಲಂಬಿಸಿದ ಐಸೊಸಿಟ್ರೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಮೈಟೊಕಾಂಡ್ರಿಯಾದೊಳಗೆ ನಿಧಾನವಾಗುತ್ತದೆ. ಸಕ್ಕರೆಯನ್ನು ಉರಿಸುವ ದಾರಿಯ ನಡುವಿನ ಅಣುವಾದ ಸಿಟ್ರೇಟ್ ಮುಂದಕ್ಕೆ ಸಾಗಲಾರದೆ ಅಲ್ಲಿ ತುಂಬಿ, ಹೊರಗಿನ ಕೋಶದ್ರವಕ್ಕೆ ಬರುತ್ತದೆ. ಅಲ್ಲಿ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಕತ್ತರಿಸಿ ಅಸಿಟೈಲ್ ಕೋಎಂಜೈಮ್-ಎ ಬಿಡಿಸಿಕೊಡುತ್ತದೆ, ಮತ್ತು ಕೊಬ್ಬಿನಾಮ್ಲಗಳ ಸರಪಳಿ ಕಟ್ಟಲು ಬೇಕಾದ ಇಟ್ಟಿಗೆ ಅದೇ. ಈ ಲಯೇಸ್ ಇಲ್ಲದ ಸಾಮಾನ್ಯ ಯೀಸ್ಟುಗಳು ಅದೇ ಸ್ಥಿತಿಯಲ್ಲಿ ಇಷ್ಟು ಕೊಬ್ಬುವುದಿಲ್ಲ. ಒಂದು ಕೊರತೆ ಒಂದು ಕಿಣ್ವವನ್ನು ತಡೆದು, ಆ ತಡೆ ಒಂದು ಅಣುವನ್ನು ದಾರಿ ತಪ್ಪಿಸಿ, ದಾರಿ ತಪ್ಪಿದ ಅಣು ಎಣ್ಣೆಯಾಗುವ ಈ ಸರಣಿಯಲ್ಲಿ ಪ್ರತಿ ಕೊಂಡಿಯೂ ಅಳೆದು ನೋಡಬಹುದಾದದ್ದು. ಎಲ್ಲ ಎಣ್ಣೆಯೀಸ್ಟುಗಳಲ್ಲೂ ವಿವರ ಹೀಗೆಯೇ ಇರಬೇಕೆಂದಿಲ್ಲ. ಯಾರೋವಿಯಾದಲ್ಲಿ ಕೊಬ್ಬು ಕಟ್ಟಲು ಬೇಕಾದ ಅಪಕರ್ಷಣ ಶಕ್ತಿ, ಅಂದರೆ ಎಲೆಕ್ಟ್ರಾನುಗಳ ಪೂರೈಕೆ, ಬರುವ ದಾರಿಯೇ ಬೇರೆ ಎಂಬುದು ಆಮೇಲೆ ತಿಳಿಯಿತು.

ಇದನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುವುದು ಕಷ್ಟವೇನಲ್ಲ. ನೈಲ್ ರೆಡ್ ಎಂಬ ಬಣ್ಣ ಕೊಬ್ಬಿನೊಳಗೆ ಸೇರಿಕೊಂಡಾಗ ಮಾತ್ರ ಜೋರಾಗಿ ಹೊಳೆಯುತ್ತದೆ. ನೀಲಿ ಬೆಳಕು ಬಿಟ್ಟರೆ ಹಳದಿ ಬಂಗಾರದ ಬಣ್ಣ ಕಾಣಿಸುತ್ತದೆ. ಸಾರಜನಕ ಇನ್ನೂ ಇರುವ ದ್ರವದಿಂದ ತೆಗೆದ ಯೀಸ್ಟ್ ಕೋಶಗಳು ಮೊಗ್ಗೊಡೆಯುತ್ತಾ, ಒಳಗೆ ಒಂದೆರಡು ಚುಕ್ಕೆ ಹೊಳೆಯುತ್ತಾ ಇರುತ್ತವೆ. ಸಾರಜನಕ ಮುಗಿದ ಮೇಲೆ ತೆಗೆದ ಮಾದರಿಯಲ್ಲಿ ಮೊಗ್ಗುಗಳು ವಿರಳ; ಕೋಶಗಳು ಉಬ್ಬಿರುತ್ತವೆ, ಸಣ್ಣ ಹನಿಗಳು ಒಂದರೊಳಗೊಂದು ಬೆರೆತು ಒಂದೋ ಎರಡೋ ದೊಡ್ಡ ಗುಂಡುಗಳಾಗಿ ಕೋಶದ ಬಹುಭಾಗವನ್ನು ಆಕ್ರಮಿಸಿರುತ್ತವೆ, ಉಳಿದೆಲ್ಲ ಅಂಗಗಳು ಗೋಡೆಯ ಅಂಚಿಗೆ ಸರಿದಿರುತ್ತವೆ. ರೋಡೊಟೊರುಲಾ ಆದರೆ ಕ್ಯಾರೊಟಿನಾಯ್ಡ್‌ಗಳ ಕಾರಣದಿಂದ ಇಡೀ ದ್ರವವೇ ನಸುಗೆಂಪಾಗಿರುತ್ತದೆ.

ಈ ಎರಡು ಮಾದರಿಗಳ ನಡುವಿನ ವ್ಯತ್ಯಾಸದಲ್ಲಿಯೇ ಶೇಕಡಾವಾರು ಅಂಕಿಯ ಮೊದಲ ತೊಡಕಿದೆ. ಕೊಬ್ಬಿದ ಕೋಶ ಬೆಳೆಯುವುದಿಲ್ಲ, ಬೆಳೆಯುವ ಕೋಶ ಕೊಬ್ಬುವುದಿಲ್ಲ. ಕೊಳದ ಪ್ರತಿ ಚದರ ಮೀಟರಿನಲ್ಲಿ ದಿನಕ್ಕೆ 20 ಗ್ರಾಂ ಬೆಳೆಯುವ, ಆದರೆ ಶೇ 20 ಮಾತ್ರ ಎಣ್ಣೆಯಿರುವ ಪಾಚಿ 4 ಗ್ರಾಂ ಎಣ್ಣೆ ಕೊಡುತ್ತದೆ. ಹಸಿವಿಗೆ ಬಿಟ್ಟು ಶೇ 60ರಷ್ಟು ಎಣ್ಣೆ ತುಂಬಿಸಿದ ಪಾಚಿ ದಿನಕ್ಕೆ 5 ಗ್ರಾಂ ಬೆಳೆದರೆ ಸಿಗುವುದು 3 ಗ್ರಾಂ. ಪತ್ರಿಕೆಯ ಮುಖಪುಟಕ್ಕೆ ಹೋಗುವುದು ಎರಡನೆಯ ಪಾಚಿ.

ತೊಡಕಿಗೆ ಇನ್ನೂ ಒಂದು ಮಗ್ಗುಲಿದೆ, ಅದು ಅಳತೆಗೆ ಸಂಬಂಧಿಸಿದ್ದು. ಎಣ್ಣೆಯ ಪ್ರಮಾಣವನ್ನು ಅಳೆಯಲು ಬ್ಲೈ ಮತ್ತು ಡೈಯರ್ 1959ರಲ್ಲಿ ಪ್ರಕಟಿಸಿದ ಕ್ಲೋರೋಫಾರ್ಮ್-ಮೆಥನಾಲ್ ವಿಧಾನವನ್ನು ಇಂದಿಗೂ ವ್ಯಾಪಕವಾಗಿ ಬಳಸುತ್ತಾರೆ. ಮೂಲತಃ ಮೀನಿನ ಮಾಂಸದಂತಹ ಅಂಗಾಂಶಗಳಿಗಾಗಿ ರೂಪಿಸಿದ ಈ ವಿಧಾನದಲ್ಲಿ, ದ್ರಾವಕ ಆವಿಯಾದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ತೂಗಿ ಲಿಪಿಡ್, ಅಂದರೆ ಕೊಬ್ಬು, ಎಂದು ಬರೆದುಕೊಳ್ಳುವುದು ರೂಢಿಯಾಗಿದೆ. ಪಾಚಿಯ ವಿಷಯದಲ್ಲಿ ಹಾಗೆ ಉಳಿದದ್ದರಲ್ಲಿ ಹಸಿರು ವರ್ಣದ್ರವ್ಯ, ಪೊರೆಗಳ ಫಾಸ್ಫೊಲಿಪಿಡ್ ಮತ್ತು ಗ್ಲೈಕೊಲಿಪಿಡ್‌ಗಳು, ಸ್ಟೆರಾಲ್‌ಗಳು ಎಲ್ಲ ಸೇರಿರುತ್ತವೆ. ಇವುಗಳಲ್ಲಿ ಕೆಲವು ಭಾಗಶಃ ಮಾತ್ರ ಡೀಸೆಲ್ ಆಗಬಲ್ಲವು, ಕೆಲವು ಆಗುವುದೇ ಇಲ್ಲ. ಆದ್ದರಿಂದ ಕೊಬ್ಬಿನಾಮ್ಲಗಳನ್ನು ನೇರವಾಗಿ, ಬಯೋಡೀಸೆಲ್ಲಿನ ಅಣುಗಳೇ ಆದ ಮೀಥೈಲ್ ಎಸ್ಟರ್‌ಗಳಾಗಿ ಪರಿವರ್ತಿಸಿ ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ ಅಳೆದ ಪ್ರಬಂಧಕ್ಕೂ ತೂಕ ಮಾತ್ರ ನೋಡಿದ ಪ್ರಬಂಧಕ್ಕೂ ನಾನು ಒಂದೇ ಬೆಲೆ ಕೊಡುವುದಿಲ್ಲ.

ಪಾಚಿಯ ದಾರಿಯನ್ನು ಅತ್ಯಂತ ವ್ಯವಸ್ಥಿತವಾಗಿ ಶೋಧಿಸಿದ್ದು ಅಮೆರಿಕದ ಇಂಧನ ಇಲಾಖೆಯ ಅಕ್ವಾಟಿಕ್ ಸ್ಪೀಷೀಸ್ ಪ್ರೋಗ್ರಾಂ. 1978ರಿಂದ 1996ರವರೆಗೆ ನಡೆದ ಆ ಕಾರ್ಯಕ್ರಮಕ್ಕೆ ಸುಮಾರು 2.5 ಕೋಟಿ ಡಾಲರ್ ಖರ್ಚಾಯಿತು. ಸಂಶೋಧಕರು 3000ಕ್ಕೂ ಹೆಚ್ಚು ತಳಿಗಳನ್ನು ಸಂಗ್ರಹಿಸಿ, ಪರೀಕ್ಷಿಸಿ, ಸುಮಾರು 300ಕ್ಕೆ ಇಳಿಸಿದರು. ನ್ಯೂ ಮೆಕ್ಸಿಕೋದ ರಾಸ್‌ವೆಲ್‌ನಲ್ಲಿ ತಲಾ 1000 ಚದರ ಮೀಟರಿನ ತೆರೆದ ಕೊಳಗಳನ್ನು ಕಟ್ಟಿ ನಡೆಸಿದ ಪ್ರಯೋಗದಲ್ಲಿ, ಕೊಳಕ್ಕೆ ಊದಿದ ಇಂಗಾಲದ ಡೈಆಕ್ಸೈಡಿನ ಶೇ 90ಕ್ಕಿಂತ ಹೆಚ್ಚು ಭಾಗ ಪಾಚಿಗೆ ಸೇರುವಂತೆ ಮಾಡಬಹುದೆಂದು ತೋರಿಸಿದರು. ಕೆಲವು ದಿನಗಳಲ್ಲಿ ಚದರ ಮೀಟರಿಗೆ 50 ಗ್ರಾಂ ಇಳುವರಿಯೂ ಬಂತು. ಆದರೆ ಮರುಭೂಮಿಯ ರಾತ್ರಿಗಳ ಚಳಿಯಲ್ಲಿ ಆ ಮಟ್ಟ ಉಳಿಯಲಿಲ್ಲ, ವರ್ಷದ ಸರಾಸರಿ ಅದರ ಹತ್ತಿರಕ್ಕೂ ಸುಳಿಯಲಿಲ್ಲ.

1998ರಲ್ಲಿ ಪ್ರಕಟವಾದ ಅದರ ಸಮಾರೋಪ ವರದಿಯನ್ನು ಈ ವಿಷಯದಲ್ಲಿ ಆಸಕ್ತಿಯಿರುವ ಯಾರಿಗಾದರೂ ಓದಲು ಹೇಳುತ್ತೇನೆ, ಏಕೆಂದರೆ ಅದರಲ್ಲಿ ಸೋತ ಪ್ರಯತ್ನಗಳ ವಿವರ ಗೆದ್ದವುಗಳಷ್ಟೇ ಪ್ರಾಮಾಣಿಕವಾಗಿ ಬಂದಿದೆ. ಎರಡು ಸಂಗತಿಗಳನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಕೊಬ್ಬಿನಾಮ್ಲ ತಯಾರಿಕೆಯ ಮೊದಲ ಹೆಜ್ಜೆಯ ಕಿಣ್ವವಾದ ಅಸಿಟೈಲ್ ಕೋಎಂಜೈಮ್-ಎ ಕಾರ್ಬಾಕ್ಸಿಲೇಸ್‌ನ ವಂಶವಾಹಿಯನ್ನು ಸೈಕ್ಲೊಟೆಲ್ಲಾ ಎಂಬ ಡಯಾಟಮ್‌ನಿಂದ (ಗಾಜಿನಂಥ ಚಿಪ್ಪಿರುವ ಸೂಕ್ಷ್ಮಪಾಚಿ) ಬೇರ್ಪಡಿಸಿ, ಹೆಚ್ಚುವರಿ ಪ್ರತಿಗಳನ್ನು ಅದೇ ಜೀವಿಗೆ ಸೇರಿಸಿದರು. ಕಿಣ್ವ ಹೆಚ್ಚಾಯಿತು, ಎಣ್ಣೆ ಹೆಚ್ಚಾಗಲಿಲ್ಲ. ಒಂದು ಗುಂಡಿ ಒತ್ತಿದರೆ ಎಣ್ಣೆ ಹರಿಯುತ್ತದೆ ಎಂಬ ಊಹೆ ಅಲ್ಲಿಗೆ ಮುರಿಯಿತು. ಎರಡನೆಯದು ಕೊಳದ ರಾಜಕೀಯ. ಪ್ರಯೋಗಾಲಯದಲ್ಲಿ ಆರಿಸಿ ತಂದ ತಳಿಯನ್ನು ತೆರೆದ ಕೊಳಕ್ಕೆ ಬಿಟ್ಟರೆ, ಗಾಳಿಯಲ್ಲಿ ತಾನಾಗಿ ಬಂದು ಬೀಳುವ ಸ್ಥಳೀಯ ಪಾಚಿ ಅದನ್ನು ಮೂಲೆಗೊತ್ತುತ್ತಿತ್ತು. ಇದರಲ್ಲಿ ಆಶ್ಚರ್ಯಪಡುವಂಥದ್ದಿಲ್ಲ: ತನ್ನ ಇಂಗಾಲವನ್ನೆಲ್ಲ ಎಣ್ಣೆಯಾಗಿ ಕಟ್ಟಿಡುವ ಕೋಶ, ಅದೇ ಇಂಗಾಲದಿಂದ ಮರಿ ಕೋಶಗಳನ್ನು ಮಾಡುವ ಎದುರಾಳಿಯ ಮುಂದೆ ಸೋಲಲೇಬೇಕು. ಸಾಲದ್ದಕ್ಕೆ ರೋಟಿಫರ್‌ನಂತಹ ಸೂಕ್ಷ್ಮ ಪ್ರಾಣಿಗಳು ಪಾಚಿಯನ್ನು ಮೇಯಲು ಬರುತ್ತವೆ.

ಇಷ್ಟೆಲ್ಲ ಗೊತ್ತಿದ್ದೂ 2007ರ ಸುಮಾರಿಗೆ ಎರಡನೆಯ ಅಲೆ ಎದ್ದಿತು. ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದ ಯೂಸುಫ್ ಚಿಸ್ತಿ ಆ ವರ್ಷ ಬರೆದ ಸಮೀಕ್ಷೆಯಲ್ಲಿ ಒಂದು ಕೋಷ್ಟಕವಿತ್ತು: ಹೆಕ್ಟೇರಿಗೆ ಸೋಯಾ 446 ಲೀಟರ್, ತಾಳೆ 5950 ಲೀಟರ್, ಶೇ 30 ಎಣ್ಣೆಯಿರುವ ಪಾಚಿ 58,700 ಲೀಟರ್, ಶೇ 70 ಎಣ್ಣೆಯಿರುವ ಪಾಚಿ 1,36,900 ಲೀಟರ್. ಅದಾದ ಮೇಲೆ ಬಂದ ಲೆಕ್ಕವಿಲ್ಲದಷ್ಟು ಬರಹಗಳು ಆ ಕೋಷ್ಟಕವನ್ನು ಎತ್ತಿಕೊಂಡವು. ಅದರ ಕೊನೆಯ ಸಾಲಿನಲ್ಲಿ ಆಗಿದ್ದೇನೆಂದರೆ, ಚೆನ್ನಾಗಿ ಬೆಳೆಯುವ ಪಾಚಿಯ ಬೆಳವಣಿಗೆಯ ದರವನ್ನು ಬೆಳೆಯುವುದನ್ನೇ ನಿಲ್ಲಿಸಿದ ಪಾಚಿಯ ಎಣ್ಣೆಯ ಪ್ರಮಾಣದಿಂದ ಗುಣಿಸಿದ್ದು. ದಿನಕ್ಕೆ ಚದರ ಮೀಟರಿಗೆ 20 ಗ್ರಾಂನಂತೆ ವರ್ಷವಿಡೀ ಬೆಳೆದು, ಶೇ 25 ಎಣ್ಣೆ ಸಿಕ್ಕರೆ, ಹೆಕ್ಟೇರಿಗೆ ವರ್ಷಕ್ಕೆ 18 ಟನ್, ಅಂದರೆ ಸುಮಾರು 20,000 ಲೀಟರ್ ಆಗುತ್ತದೆ. ಒಂದು ದಿನವೂ ಕೊಳ ಕೆಡಲಿಲ್ಲ ಎಂಬ ಉದಾರ ಊಹೆಯೂ ಇದರಲ್ಲಿ ಸೇರಿದೆ. ಇದೂ ತಾಳೆಗಿಂತ ಮೂರುಪಟ್ಟು ಹೆಚ್ಚು, ಅಲ್ಲಗಳೆಯುವ ಸಂಖ್ಯೆಯಲ್ಲ. ಆದರೆ ಅದು ಕೋಷ್ಟಕದ ಸಂಖ್ಯೆಯೂ ಅಲ್ಲ.

ಪಾಚಿಯ ನಿಜವಾದ ಶತ್ರು ನೀರು. ತೆರೆದ ಕೊಳದಲ್ಲಿ ಲೀಟರಿಗೆ ಸುಮಾರು ಅರ್ಧ ಗ್ರಾಂ ಪಾಚಿ ಇರುತ್ತದೆ, ಏಕೆಂದರೆ ಅದಕ್ಕಿಂತ ದಟ್ಟವಾದರೆ ಮೇಲಿನ ಕೋಶಗಳ ನೆರಳಿನಲ್ಲಿ ಕೆಳಗಿನವು ಬೆಳಕಿಲ್ಲದೆ ಕೂರುತ್ತವೆ. ಹಾಗಾದರೆ ಒಂದು ಕಿಲೋ ಒಣ ಪಾಚಿಗೆ 2000 ಲೀಟರ್ ದ್ರವವನ್ನು ಸೋಸಬೇಕು. ಅದರಲ್ಲಿ ಕಾಲು ಭಾಗ ಎಣ್ಣೆ ಎಂದುಕೊಂಡರೆ, ಒಂದು ಕಿಲೋ ಎಣ್ಣೆಗೆ 8000 ಲೀಟರ್. ಒಂದೆರಡು ಮೈಕ್ರೋಮೀಟರಿನಿಂದ ಹತ್ತಾರು ಮೈಕ್ರೋಮೀಟರ್‌ವರೆಗಿನ ಗಾತ್ರದ, ನೀರಿನಷ್ಟೇ ಸಾಂದ್ರತೆಯ, ಋಣ ವಿದ್ಯುದಾವೇಶದಿಂದ ಒಂದನ್ನೊಂದು ದೂರ ತಳ್ಳುವ ಈ ಕಣಗಳು ತಾವಾಗಿ ತಳ ಸೇರುವುದಿಲ್ಲ. ಗರಣೆ ಕಟ್ಟಿಸುವ ರಾಸಾಯನಿಕ ಹಾಕಿಯೋ ಸೆಂಟ್ರಿಫ್ಯೂಜ್ ತಿರುಗಿಸಿಯೋ ಹೇಗೋ ಶೇ 20ರಷ್ಟು ಘನವಿರುವ ಹಸಿ ಮುದ್ದೆಯವರೆಗೆ ಬಂದೆವು ಎಂದಿಟ್ಟುಕೊಳ್ಳೋಣ. ಆ ಮುದ್ದೆಯಲ್ಲಿ ಒಂದು ಕಿಲೋ ಒಣ ಪಾಚಿಯ ಜೊತೆಗೆ ಇನ್ನೂ ನಾಲ್ಕು ಕಿಲೋ ನೀರಿದೆ. ಒಂದು ಕಿಲೋ ನೀರನ್ನು ಆವಿಯಾಗಿಸಲು 2.26 ಮೆಗಾಜೂಲ್ ಬೇಕು, ಅದಕ್ಕೆ ಮೊದಲು ನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಬೇಕು. ನಾಲ್ಕು ಕಿಲೋಗೆ ಒಟ್ಟು 10 ಮೆಗಾಜೂಲ್ ದಾಟುತ್ತದೆ. ಆ ಪಾಚಿಯಿಂದ ಬರುವ ಕಾಲು ಕಿಲೋ ಬಯೋಡೀಸೆಲ್ಲಿನಲ್ಲಿರುವ ಶಕ್ತಿ 9 ಮೆಗಾಜೂಲ್‌ಗಿಂತ ತುಸು ಹೆಚ್ಚು, ಅಷ್ಟೇ. ಒಣಗಿಸುವ ಯಂತ್ರ ಒಂದಿಷ್ಟೂ ಶಾಖ ಸೋರಿಸದೆ ಕೆಲಸ ಮಾಡಿದರೂ ಉತ್ಪನ್ನದ ಇಡೀ ಶಕ್ತಿ ಆ ಒಂದು ಹಂತದಲ್ಲೇ ಕರಗಿಹೋಯಿತು.

ಬಿಸಿಲಿನಲ್ಲಿ ಒಣಗಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಒಣಗಿಸಬಹುದು, ಜಾಗ ಬೇಕು, ಸಮಯ ಬೇಕು, ಮತ್ತು ನಿಧಾನವಾಗಿ ಒಣಗುವ ಹಸಿ ಕೋಶಗಳಲ್ಲಿ ಲಿಪೇಸ್ ಕಿಣ್ವಗಳು ಎಚ್ಚರವಾಗಿದ್ದು ಎಣ್ಣೆಯನ್ನು ಒಡೆಯುತ್ತಿರುತ್ತವೆ. ಇದಕ್ಕಾಗಿಯೇ ಒಣಗಿಸುವ ಹಂತವನ್ನೇ ಬಿಟ್ಟು, ಹಸಿ ಮುದ್ದೆಯನ್ನು 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಭಾರಿ ಒತ್ತಡದಲ್ಲಿಟ್ಟು ಕಚ್ಚಾತೈಲದಂಥ ದ್ರವವಾಗಿಸುವ ಜಲೋಷ್ಣ ದ್ರವೀಕರಣದತ್ತ ಹಲವರು ತಿರುಗಿದರು. ಅಲ್ಲಿ ಪ್ರೋಟೀನು, ಪಿಷ್ಟ ಎಲ್ಲವೂ ಎಣ್ಣೆಯ ಜೊತೆ ದ್ರವಕ್ಕೆ ಸೇರುವುದರಿಂದ ಪಾಚಿಯನ್ನು ಹಸಿವಿಗೆ ಬಿಡುವ ಅಗತ್ಯವೇ ಇಲ್ಲ. ಬದಲಿಗೆ ಪ್ರೋಟೀನಿನ ಸಾರಜನಕ ತೈಲದಲ್ಲಿ ಉಳಿದು ಅದನ್ನು ಶುದ್ಧೀಕರಿಸುವ ಹೊಸ ತಲೆನೋವು ಬರುತ್ತದೆ. ಹೀಗೆ ಬಂದದ್ದು ಬಯೋಡೀಸೆಲ್ ಅಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಹಣ ಹೂಡಿದವರ ಕಥೆಯೂ ಇದೇ ಲೆಕ್ಕವನ್ನು ಹೇಳುತ್ತದೆ. ತೈಲ ಕಂಪನಿ ಎಕ್ಸಾನ್‌ಮೊಬಿಲ್ 2009ರಲ್ಲಿ ಸಿಂಥೆಟಿಕ್ ಜಿನೋಮಿಕ್ಸ್ ಎಂಬ ಜೈವಿಕ ತಂತ್ರಜ್ಞಾನ ಕಂಪನಿಯ ಜೊತೆಗೂಡಿ ಪಾಚಿ ಇಂಧನಕ್ಕೆ 60 ಕೋಟಿ ಡಾಲರ್‌ವರೆಗೆ ಹೂಡುವುದಾಗಿ ಘೋಷಿಸಿತು. 2017ರಲ್ಲಿ ಆ ತಂಡ ನ್ಯಾನೊಕ್ಲೋರಾಪ್ಸಿಸ್ ಗ್ಯಾಡಿಟಾನಾದಲ್ಲಿ ಒಂದೇ ಒಂದು ನಿಯಂತ್ರಕ ವಂಶವಾಹಿಯ ಕೆಲಸವನ್ನು ತಗ್ಗಿಸಿ, ಬೆಳವಣಿಗೆ ಹೆಚ್ಚು ಕುಂದದಂತೆ, ಕೊಬ್ಬಿಗೆ ಹೋಗುವ ಇಂಗಾಲದ ಪಾಲನ್ನು ಎರಡು ಪಟ್ಟು ಮಾಡಿತು. ಜೀವಶಾಸ್ತ್ರದ ದೃಷ್ಟಿಯಿಂದ ಅದು ನಿಜಕ್ಕೂ ಮೆಚ್ಚಬೇಕಾದ ಕೆಲಸ, ಏಕೆಂದರೆ ಬೆಳವಣಿಗೆಗೂ ಎಣ್ಣೆಗೂ ಇರುವ ಜಗಳವನ್ನು ಅದು ತಕ್ಕಮಟ್ಟಿಗೆ ಬಿಡಿಸಿತ್ತು. ಆದರೂ ಕಂಪನಿ ಪಾಚಿಯಿಂದ ಹಿಂದೆ ಸರಿದ ಸುದ್ದಿ 2023ರ ಆರಂಭದಲ್ಲಿ ಬಂತು. ನೀರಿನ ಲೆಕ್ಕವನ್ನು ವಂಶವಾಹಿಯೊಂದು ಬದಲಿಸಲಾರದು.

ಯೀಸ್ಟಿನ ಕಡೆಗೆ ಬಂದರೆ ದೃಶ್ಯವೇ ಬದಲಾಗುತ್ತದೆ. ಬೆಳಕಿನ ಹಂಗಿಲ್ಲದ್ದರಿಂದ ಉಕ್ಕಿನ ತೊಟ್ಟಿಯಲ್ಲಿ ಎಷ್ಟು ದಟ್ಟವಾಗಿ ಬೇಕಾದರೂ ಬೆಳೆಸಬಹುದು. ಚೀನಾದ ಡಾಲಿಯನ್‌ನ ಸಂಶೋಧಕರು 2007ರಲ್ಲಿ ರೋಡೊಟೊರುಲಾ ಟೊರುಲಾಯ್ಡಿಸ್‌ನ ಒಂದು ತಳಿಯನ್ನು ಹಂತಹಂತವಾಗಿ ಸಕ್ಕರೆ ಉಣಿಸುತ್ತಾ ಬೆಳೆಸಿ, ಲೀಟರಿಗೆ 106.5 ಗ್ರಾಂ ಒಣ ಕೋಶಗಳನ್ನು ಪಡೆದರು. ಅದರಲ್ಲಿ ಶೇ 67.5 ಎಣ್ಣೆ. ಅಂದರೆ ಒಂದು ಕಿಲೋ ಎಣ್ಣೆಗೆ 14 ಲೀಟರ್ ದ್ರವ ಸಾಕು. ಪಾಚಿಯ 8000 ಲೀಟರಿನ ಪಕ್ಕದಲ್ಲಿ ಈ ಸಂಖ್ಯೆಯನ್ನಿಟ್ಟು ನೋಡಿದರೆ, ಎರಡೂ ಜೀವಿಗಳ ಶೇಕಡಾವಾರು ಎಣ್ಣೆಯನ್ನು ಹೋಲಿಸುವುದು ಎಷ್ಟು ನಿರರ್ಥಕ ಎಂಬುದು ತಾನಾಗಿ ಕಾಣುತ್ತದೆ. 2017ರಲ್ಲಿ ಎಂಐಟಿಯ ಗ್ರೆಗರಿ ಸ್ಟೆಫಾನೊಪೌಲಸ್ ಅವರ ತಂಡ ಯಾರೋವಿಯಾವನ್ನು ಮಾರ್ಪಡಿಸಿ ಲೀಟರಿಗೆ ಸುಮಾರು 99 ಗ್ರಾಂ ಎಣ್ಣೆ, ಗಂಟೆಗೆ ಲೀಟರಿಗೆ 1.2 ಗ್ರಾಂ ವೇಗ, ಮತ್ತು ಪ್ರತಿ ಗ್ರಾಂ ಗ್ಲೂಕೋಸಿಗೆ 0.27 ಗ್ರಾಂ ಎಣ್ಣೆಯ ಇಳುವರಿಯನ್ನು ವರದಿ ಮಾಡಿತು. ನಾನು ಯಾವುದೇ ಹೊಸ ಪ್ರಬಂಧದಲ್ಲಿ ಮೊದಲು ಹುಡುಕುವುದು ಈ ಮೂರು ಅಂಕಿಗಳನ್ನು. ಅವುಗಳಲ್ಲಿ ಯಾವುದಾದರೂ ಒಂದು ಕಾಣೆಯಾಗಿದ್ದರೆ ಕಾರಣವನ್ನು ಊಹಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಮೂರನೆಯ ಅಂಕಿ, ಅಂದರೆ ಇಳುವರಿ, ಎಲ್ಲಕ್ಕಿಂತ ಕಠಿಣವಾದದ್ದು, ಏಕೆಂದರೆ ಅದಕ್ಕೆ ರಸಾಯನಶಾಸ್ತ್ರ ಹಾಕಿದ ಛಾವಣಿಯಿದೆ. ಆರು ಇಂಗಾಲಗಳ ಗ್ಲೂಕೋಸ್ ಎರಡು ಇಂಗಾಲಗಳ ಎರಡು ಅಸಿಟೈಲ್ ಘಟಕಗಳಾಗುವಾಗ ಉಳಿದೆರಡು ಇಂಗಾಲಗಳು ಡೈಆಕ್ಸೈಡಾಗಿ ಹಾರಿಹೋಗುತ್ತವೆ. ಸರಪಳಿ ಕಟ್ಟಲು ಬೇಕಾದ ಶಕ್ತಿಗೆಂದು ಇನ್ನೂ ಸ್ವಲ್ಪ ಸಕ್ಕರೆ ಉರಿಯುತ್ತದೆ. ಎಲ್ಲ ಸೇರಿ ಸಿದ್ಧಾಂತದ ಮಿತಿ ಗ್ರಾಂ ಸಕ್ಕರೆಗೆ 0.32 ಗ್ರಾಂ ಎಣ್ಣೆಯ ಆಸುಪಾಸು. ಕೋಶ ತಾನೂ ಬೆಳೆಯಬೇಕಾದ್ದರಿಂದ ಮಾರ್ಪಡಿಸದ ಯೀಸ್ಟಿನಲ್ಲಿ 0.22 ಬಂದರೆ ಅದು ಒಳ್ಳೆಯ ಸಾಧನೆ. ಆ ದರದಲ್ಲಿ ಒಂದು ಕಿಲೋ ಎಣ್ಣೆಗೆ ನಾಲ್ಕೂವರೆ ಕಿಲೋ ಸಕ್ಕರೆ ಬೇಕು. ಸಕ್ಕರೆಯಲ್ಲಿದ್ದ 70 ಮೆಗಾಜೂಲ್ ಶಕ್ತಿಯಲ್ಲಿ 39 ಮೆಗಾಜೂಲ್ ಮಾತ್ರ ಎಣ್ಣೆಗೆ ಸೇರುತ್ತದೆ. ಅದೇ ಸಕ್ಕರೆಯನ್ನು ಸಾಮಾನ್ಯ ಯೀಸ್ಟಿಗೆ ಕೊಟ್ಟು ಎಥನಾಲ್ ಮಾಡಿದರೆ ಸಿದ್ಧಾಂತದ ಪ್ರಕಾರ ಶೇ 95ಕ್ಕೂ ಹೆಚ್ಚು ಶಕ್ತಿ ಎಥನಾಲಿನಲ್ಲಿ ಉಳಿಯುತ್ತದೆ. ಮೇಲಾಗಿ ಎಥನಾಲ್ ಹುದುಗುವಿಕೆಗೆ ಗಾಳಿ ಬೇಡ. ಎಣ್ಣೆಯೀಸ್ಟಿಗೆ ಆಮ್ಲಜನಕ ಬೇಕು. ದಟ್ಟವಾಗಿ ಬೆಳೆದ ತೊಟ್ಟಿಯಲ್ಲಿ ಹಗಲಿರುಳು ಗಾಳಿ ಊದಿ, ಜೋರಾಗಿ ಕಲಕಿ, ಹಾಗೆ ಹುಟ್ಟಿದ ಶಾಖವನ್ನು ತಣ್ಣೀರಿನಿಂದ ತೆಗೆಯುತ್ತಿರಬೇಕು. ತೊಟ್ಟಿ ದೊಡ್ಡದಾದಷ್ಟೂ ಇದು ಕಷ್ಟವಾಗುತ್ತದೆ. ಆದ್ದರಿಂದ ತಿನ್ನಬಹುದಾದ ಸಕ್ಕರೆಯಿಂದ ಡೀಸೆಲ್ ಮಾಡುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ, ಎಥನಾಲ್ ಓಡಿಸಲಾರದ ಭಾರಿ ಎಂಜಿನ್‌ಗಳು ಇವೆ ಎಂಬ ವಾದವನ್ನು ಪರಿಗಣಿಸಿದ ಮೇಲೂ.

ಹಾಗಾಗಿ ಪ್ರಶ್ನೆ ಬೇರೆಯವರಿಗೆ ಬೇಡವಾದ ಇಂಗಾಲವನ್ನು ಹುಡುಕುವುದಕ್ಕೆ ಬಂದು ನಿಲ್ಲುತ್ತದೆ. ಬಯೋಡೀಸೆಲ್ ತಯಾರಿಕೆಯಲ್ಲೇ ಹುಟ್ಟುವ ಕಚ್ಚಾ ಗ್ಲಿಸರಾಲ್ ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಯಾರೋವಿಯಾ ಅದನ್ನು ಇಷ್ಟಪಟ್ಟು ತಿನ್ನುತ್ತದೆ. ಆದರೆ 100 ಕಿಲೋ ಎಣ್ಣೆಯಿಂದ ಬರುವ ಗ್ಲಿಸರಾಲ್ ಸುಮಾರು 10 ಕಿಲೋ, ಅದರಿಂದ ಬರುವ ಎಣ್ಣೆ ಎರಡು ಕಿಲೋ. ತ್ಯಾಜ್ಯದ ವಿಲೇವಾರಿಯಾಗಿ ಅದು ಸರಿ, ಇಂಧನದ ಮೂಲವಾಗಿ ಅದು ಲೆಕ್ಕಕ್ಕೆ ಬಾರದು. ಚೀಸ್ ಕಾರ್ಖಾನೆಗಳ ಹಾಲೊಡಕಿನ ಲ್ಯಾಕ್ಟೋಸನ್ನು ತಿನ್ನುವ ಎಣ್ಣೆಯೀಸ್ಟುಗಳಿವೆ. ಪ್ರಮಾಣದ ದೃಷ್ಟಿಯಿಂದ ಗಂಭೀರವಾದದ್ದು ಬೆಳೆಯ ಕಡ್ಡಿ, ಹೊಟ್ಟು, ಮರದ ಚೂರುಗಳಲ್ಲಿರುವ ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸ್. ಇಲ್ಲಿ ಎಣ್ಣೆಯೀಸ್ಟಿಗೆ ಒಂದು ನೈಜ ಅನುಕೂಲವಿದೆ: ಹೆಮಿಸೆಲ್ಯುಲೋಸ್‌ನಿಂದ ಬರುವ ಕ್ಸೈಲೋಸನ್ನು ಸಾಮಾನ್ಯ ಎಥನಾಲ್ ಯೀಸ್ಟು ಮುಟ್ಟುವುದಿಲ್ಲ, ಲಿಪೊಮೈಸಿಸ್ ಮತ್ತು ರೋಡೊಟೊರುಲಾ ಸಹಜವಾಗಿಯೇ ತಿನ್ನುತ್ತವೆ. ಅನನುಕೂಲವೂ ಅಷ್ಟೇ ನೈಜವಾದದ್ದು. ಕಟ್ಟಿಗೆಯನ್ನು ಆಮ್ಲದಲ್ಲಿ ಬೇಯಿಸಿದಾಗ ಸಕ್ಕರೆಯ ಜೊತೆ ಫರ್ಫುರಾಲ್, ಅಸಿಟಿಕ್ ಆಮ್ಲ ಮೊದಲಾದ ವಿಷಗಳು ಹುಟ್ಟುತ್ತವೆ. ಕಚ್ಚಾವಸ್ತುವಿನಲ್ಲಿ ಸಾರಜನಕ ಜಾಸ್ತಿಯಿದ್ದರೆ ಕೋಶಕ್ಕೆ ಹಸಿವೇ ಆಗದೆ ಅದು ಎಣ್ಣೆ ಕಟ್ಟುವುದಿಲ್ಲ. ಕಾಗದದಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತ ನೂರಕ್ಕೊಂದು ಎಂದು ಬರೆಯುವುದು ಸುಲಭ, ಪ್ರತಿ ಲಾರಿ ಹೊಟ್ಟಿನಲ್ಲೂ ಅದು ಹಾಗೇ ಇರುವಂತೆ ನೋಡಿಕೊಳ್ಳುವುದು ಸುಲಭವಲ್ಲ.

ಎಣ್ಣೆ ಹೊರಬಂದ ಮೇಲಿನ ರಸಾಯನಕ್ರಿಯೆ ಹಳೆಯದು, ಹೆಚ್ಚು ಹೇಳಬೇಕಾದ್ದಿಲ್ಲ. 100 ಕಿಲೋ ಎಣ್ಣೆ ಸುಮಾರು 11 ಕಿಲೋ ಮೆಥನಾಲಿನೊಂದಿಗೆ ಸೇರಿ 100 ಕಿಲೋ ಮೀಥೈಲ್ ಎಸ್ಟರ್ ಆಗುತ್ತದೆ. ಕ್ರಿಯೆ ಪೂರ್ತಿಯಾಗಲೆಂದು ಮೆಥನಾಲನ್ನು ಇದರ ಎರಡು ಪಟ್ಟು ಹಾಕಿ, ಕ್ಷಾರದ ವೇಗವರ್ಧಕದೊಂದಿಗೆ 60 ಡಿಗ್ರಿಯಲ್ಲಿ ಕಲಕುತ್ತಾರೆ. ಸೂಕ್ಷ್ಮಜೀವಿಗಳ ಎಣ್ಣೆಯಲ್ಲಿ ಬರುವ ವಿಶೇಷ ತೊಂದರೆಯೆಂದರೆ, ಒಡೆದುಹೋದ ಎಣ್ಣೆಯಿಂದ ಬಂದ ಬಿಡಿ ಕೊಬ್ಬಿನಾಮ್ಲಗಳು ಕ್ಷಾರದೊಂದಿಗೆ ಸೇರಿ ಸಾಬೂನಾಗುತ್ತವೆ, ಫಾಸ್ಫೊಲಿಪಿಡ್‌ಗಳು ಎಸ್ಟರ್ ಮತ್ತು ಗ್ಲಿಸರಾಲ್ ಬೇರ್ಪಡದಂತೆ ನಡುವೆ ನೊರೆಯ ಪದರ ಕಟ್ಟುತ್ತವೆ. ಆಗ ಮೊದಲು ಆಮ್ಲದ ವೇಗವರ್ಧಕದಿಂದ ಒಂದು ಸುತ್ತು ನಡೆಸಬೇಕು, ಇಲ್ಲವೇ ಅಂಟು ತೆಗೆಯುವ ಹಂತವೊಂದನ್ನು ಸೇರಿಸಬೇಕು.

ಎಣ್ಣೆ ಎಷ್ಟು ಎಂಬುದಕ್ಕಿಂತ ಎಂಥದು ಎಂಬ ಪ್ರಶ್ನೆಯನ್ನು ಶೇಕಡಾವಾರು ಅಂಕಿ ಪೂರ್ತಿ ಮರೆಮಾಚುತ್ತದೆ. ಎಣ್ಣೆಯೀಸ್ಟುಗಳ ಕೊಬ್ಬಿನಲ್ಲಿ ಓಲಿಕ್ ಮತ್ತು ಪಾಮಿಟಿಕ್ ಆಮ್ಲಗಳದ್ದೇ ಸಿಂಹಪಾಲು; ಅದು ತಾಳೆ ಎಣ್ಣೆಯನ್ನು ಹೋಲುತ್ತದೆ, ಡೀಸೆಲ್ಲಿಗೆ ಹೇಳಿ ಮಾಡಿಸಿದಂತಿದೆ. ನ್ಯಾನೊಕ್ಲೋರಾಪ್ಸಿಸ್‌ನಂತಹ ಸಮುದ್ರದ ಪಾಚಿಗಳಲ್ಲಿ ಐದು ದ್ವಿಬಂಧಗಳಿರುವ ಇಪಿಎ ಗಣನೀಯವಾಗಿರುತ್ತದೆ. ಯುರೋಪಿನ ಇಎನ್ 14214 ಮಾನದಂಡ ನಾಲ್ಕು ಅಥವಾ ಹೆಚ್ಚು ದ್ವಿಬಂಧಗಳಿರುವ ಎಸ್ಟರ್‌ಗಳಿಗೆ ಶೇ 1ರ ಮಿತಿ ಹಾಕಿದೆ, ಏಕೆಂದರೆ ಅಂಥವು ಗಾಳಿಗೆ ಬೇಗ ಕೆಟ್ಟು ಎಂಜಿನ್ನಿನಲ್ಲಿ ಜಿಗುಟು ಕಟ್ಟುತ್ತವೆ. ಇದರಲ್ಲೊಂದು ವ್ಯಂಗ್ಯವಿದೆ: ಡೀಸೆಲ್ಲಿಗೆ ಕಲ್ಮಷವಾದ ಆ ಇಪಿಎ ಮನುಷ್ಯರು ಮಾತ್ರೆಯಲ್ಲಿ ದುಬಾರಿ ಬೆಲೆ ಕೊಟ್ಟು ನುಂಗುವ ಒಮೇಗಾ-3.

ಸೂಕ್ಷ್ಮಜೀವಿಗಳ ಎಣ್ಣೆ ವ್ಯಾಪಾರವಾಗಿ ನಿಂತದ್ದು ಆ ದಾರಿಯಲ್ಲೇ. 1985ರಲ್ಲಿ ಇಂಗ್ಲೆಂಡಿನ ಜೆ ಅಂಡ್ ಇ ಸ್ಟರ್ಜ್ ಕಂಪನಿ ಮ್ಯೂಕರ್ ಶಿಲೀಂಧ್ರದಿಂದ ಗಾಮಾ ಲಿನೋಲೆನಿಕ್ ಆಮ್ಲವಿರುವ ಎಣ್ಣೆಯನ್ನು ಮಾರುಕಟ್ಟೆಗೆ ತಂದಿತು; ಅದೇ ಆಮ್ಲ ಸಸ್ಯಗಳ ಬೀಜದೆಣ್ಣೆಯಿಂದ ಅಗ್ಗವಾಗಿ ಸಿಗತೊಡಗಿದ ಮೇಲೆ 1990ರಲ್ಲಿ ನಿಲ್ಲಿಸಿತು. ಅಮೆರಿಕದ ಮಾರ್ಟೆಕ್ ಕಂಪನಿ ಕ್ರಿಪ್ತೆಕೊಡಿನಿಯಂ ಎಂಬ ಸೂಕ್ಷ್ಮಜೀವಿಯಿಂದ ಪಡೆದ ಡಿಎಚ್‌ಎ ಎಂಬ ಇನ್ನೊಂದು ಒಮೇಗಾ-3 ಆಮ್ಲವನ್ನು ಶಿಶು ಆಹಾರಕ್ಕೆ ಮಾರಿ ಗೆದ್ದಿತು, ಏಕೆಂದರೆ ಅಲ್ಲಿ ಎದುರಾಳಿ ಸಸ್ಯ ಇರಲಿಲ್ಲ. ಸಕ್ಕರೆ ಉಣಿಸಿ ಪಾಚಿಯನ್ನು ಕತ್ತಲೆಯ ತೊಟ್ಟಿಯಲ್ಲಿ ಬೆಳೆಸಿದ ಸೊಲಾಜೈಮ್, 2011ರ ನವೆಂಬರಿನಲ್ಲಿ ತನ್ನ ಎಣ್ಣೆಯಿಂದಾದ ಇಂಧನದಲ್ಲಿ ಪ್ರಯಾಣಿಕರ ವಿಮಾನವನ್ನೇ ಹಾರಿಸಿ ತೋರಿಸಿತು. ಆಮೇಲೆ ಇಂಧನವನ್ನು ಬಿಟ್ಟು ಆಹಾರದ ಎಣ್ಣೆಗೆ ತಿರುಗಿ, ಟೆರಾವಿಯಾ ಎಂದು ಹೆಸರು ಬದಲಿಸಿಕೊಂಡು, 2017ರಲ್ಲಿ ದಿವಾಳಿಯಾಯಿತು.

ನನಗೆ ಸದ್ಯ ಕುತೂಹಲ ಉಳಿದಿರುವುದು ಅಸಿಟೇಟ್, ಅಂದರೆ ಅಸಿಟಿಕ್ ಆಮ್ಲದ, ದಾರಿಯಲ್ಲಿ. 2016ರಲ್ಲಿ ಎಂಐಟಿಯ ಅದೇ ತಂಡ ಎರಡು ತೊಟ್ಟಿಗಳನ್ನು ಜೋಡಿಸಿತು. ಮೊದಲನೆಯದರಲ್ಲಿ ಮೂರೆಲ್ಲಾ ಥರ್ಮೊಅಸಿಟಿಕಾ ಎಂಬ ಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದೆ, ಇಂಗಾಲದ ಡೈಆಕ್ಸೈಡನ್ನು ಜಲಜನಕ ಅಥವಾ ಕಾರ್ಬನ್ ಮೊನಾಕ್ಸೈಡಿನ ಸಹಾಯದಿಂದ ಅಸಿಟಿಕ್ ಆಮ್ಲವಾಗಿಸುತ್ತದೆ. ಎರಡನೆಯದರಲ್ಲಿ ಯಾರೋವಿಯಾ ಆ ಆಮ್ಲವನ್ನು ತಿಂದು ಎಣ್ಣೆ ಕಟ್ಟುತ್ತದೆ. ಲೀಟರಿಗೆ 18 ಗ್ರಾಂ ಎಣ್ಣೆ ಬಂತು, ಕೋಶದಲ್ಲಿ ಎಣ್ಣೆಯ ಪಾಲು ಶೇ 36, ಅಂದರೆ ಮುಖಪುಟಕ್ಕೆ ಹೋಗುವಂಥದ್ದೇನಲ್ಲ. ಆದರೆ ಇಲ್ಲಿ ಹೊಲವೂ ಬೇಡ, ಬಿಸಿಲಿನ ಕೊಳವೂ ಬೇಡ. ಹಳೆಯ ಶತ್ರು ಮಾತ್ರ ಇಲ್ಲಿಯೂ ಹಾಜರಿದೆ: ಮೂರೆಲ್ಲಾ ಕೊಡುವ ಅಸಿಟೇಟ್ ತೀರಾ ತೆಳುವಾದ ದ್ರಾವಣ, ಅದನ್ನು ಸುರಿದಷ್ಟೂ ಎರಡನೆಯ ತೊಟ್ಟಿಯಲ್ಲಿ ನೀರು ತುಂಬುತ್ತದೆ. ಅದಕ್ಕಾಗಿ ಅವರು ಟೊಳ್ಳು ನಾರುಗಳ ಸೋಸುಪೊರೆಯ ಮೂಲಕ ನೀರನ್ನು ಹೊರಬಿಟ್ಟು ಯೀಸ್ಟನ್ನು ಮತ್ತೆ ತೊಟ್ಟಿಗೆ ಮರಳಿಸುತ್ತಿದ್ದರು. ಆ ಪೊರೆ ಎಷ್ಟು ದಿನ ಕಟ್ಟಿಕೊಳ್ಳದೆ ಬಾಳುತ್ತದೆ, ಜಲಜನಕ ಎಲ್ಲಿಂದ ಬರುತ್ತದೆ, ಎರಡನೆಯ ತೊಟ್ಟಿಗೆ ಊದುವ ಗಾಳಿಗೆ ಎಷ್ಟು ವಿದ್ಯುತ್ತು ಹಿಡಿಯುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಕಾರ್ಖಾನೆಯ ಗಾತ್ರದಲ್ಲಿ ಉತ್ತರ ಕೊಡುವ ಪ್ರಬಂಧವನ್ನು ನಾನು ಹುಡುಕುತ್ತಿದ್ದೇನೆ.